ಡಿಸ್ಕ್ ಆಪರೇಷನ್ ಆದ ಮೇಲೆ ಮತ್ತೆ ಹಾಲು ಕರೆಯಬಹುದೇ?



ರಾಸುಗಳ ಚಿಕಿತ್ಸೆಗೆಂದು ಮನೆಗೆ ಬಂದಾಗ ನೀವು ಕೇಳುವ ಪ್ರಶ್ನೆಗಳು ನಮಗೆ ಬಾಯಿಪಾಠ. ಕೆಚ್ಚಲು ಬಾವು, ಗಬ್ಬ ಕಟ್ಟದಿರುವುದು, ಜಿಡ್ಡು ಕಡಿಮೆ ಬರುವುದು. ಈಗೀಗ ಇವುಗಳ ಜೊತೆಗೆ ಇನ್ನೊಂದು ಸೇರಿಕೊಂಡಿದೆ. "ಸಾರ್, ಸೊಂಟದಲ್ಲಿ ಡಿಸ್ಕ್ ಜಾರಿದೆ ಅಂದವ್ರೆ. ಆಪರೇಷನ್ ಮಾಡ್ಸಿದ್ರೆ ಮತ್ತೆ ಹಾಲು ಕರೆಯೋಕಾಗುತ್ತಾ, ಇಲ್ಲ ಹಸು ಮಾರ್ಬಿಡಬೇಕಾ?"

ನಾನು ಮನುಷ್ಯರ ಡಾಕ್ಟರಲ್ಲ. ಆಪರೇಷನ್ ಬೇಕೋ ಬೇಡವೋ ಎಂಬುದನ್ನು ನಿಮ್ಮ ಕಾಲಿನ ಶಕ್ತಿ ಪರೀಕ್ಷಿಸಿ, ಎಂಆರ್‌ಐ ನೋಡಿದ ಮೂಳೆ ಅಥವಾ ನರದ ಶಸ್ತ್ರವೈದ್ಯರೇ ಹೇಳಬೇಕು. ಆದರೆ ಪ್ರಶ್ನೆಯ ಎರಡನೇ ಭಾಗ, ಅಂದರೆ ಮತ್ತೆ ಹಾಲು ಕರೆಯುವ ವಿಚಾರ, ಬಹುಪಾಲು ನಿಮ್ಮ ಕೊಟ್ಟಿಗೆಯಲ್ಲೇ ತೀರ್ಮಾನವಾಗುತ್ತದೆ. ಆಪರೇಷನ್ನಿಗೆ ಮೊದಲು ಎಷ್ಟು ದಿನ ನೋವು ನುಂಗಿಕೊಂಡು ದುಡಿದಿರಿ, ಆಪರೇಷನ್ ಆದ ಮೇಲಿನ ತಿಂಗಳುಗಳಲ್ಲಿ ನಿಮ್ಮ ಕೆಲಸವನ್ನು ಯಾರು ಮಾಡಿದರು, ಈ ಎರಡರ ಮೇಲೆ ಬಹಳಷ್ಟು ನಿಂತಿದೆ. ಕೊಟ್ಟಿಗೆಯ ವಿಚಾರವಾದ್ದರಿಂದ ಅದು ನನ್ನ ವ್ಯಾಪ್ತಿಗೂ ಬರುತ್ತದೆ. ಹಾಗಾಗಿ ಈ ಸಲದ ಲೇಖನ ರಾಸುವಿನ ಬಗ್ಗೆ ಅಲ್ಲ, ರಾಸು ಸಾಕುವವರ ಬೆನ್ನಿನ ಬಗ್ಗೆ.

ಡಿಸ್ಕ್ ಜಾರುವುದು ಎಂದರೆ

ಬೆನ್ನುಮೂಳೆಯ ಪ್ರತಿ ಎರಡು ತುಂಡುಗಳ ನಡುವೆ ಒಂದು ಮೆತ್ತೆ ಇದೆ. ಹೊರಗೆ ಗಟ್ಟಿ ನಾರಿನ ಸುತ್ತು, ಒಳಗೆ ನೀರು ಹಿಡಿದಿಟ್ಟುಕೊಂಡ ಲೋಳೆಯಂಥ ತಿರುಳು. ನಾರಿನ ಸುತ್ತು ಹಿಂಬದಿಯಲ್ಲಿ ಹರಿದು, ತಿರುಳು ಹೊರಗೆ ಬಂದು, ಪಕ್ಕದಲ್ಲೇ ಕಾಲಿಗೆ ಇಳಿಯುವ ನರದ ಬುಡವನ್ನು ಒತ್ತಿದಾಗ ಸೊಂಟದಿಂದ ಹಿಮ್ಮಡಿಯವರೆಗೆ ಎಳೆಯುವ ನೋವು ಬರುತ್ತದೆ. ಇದನ್ನೇ ಸಯಾಟಿಕಾ ಎನ್ನುತ್ತಾರೆ. ಸೊಂಟದಲ್ಲಿ ಜಾರುವ ಡಿಸ್ಕುಗಳಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಕಟ್ಟಕಡೆಯ ಎರಡು ಮೆತ್ತೆಗಳೇ. ಬಗ್ಗಿದಾಗ, ಎತ್ತಿದಾಗ ಹೆಚ್ಚು ಭಾರ ಬೀಳುವುದು ಅವುಗಳ ಮೇಲೆ. ಕಾಲುನೋವಿಗೂ ಬೆನ್ನಿನ ಈ ಮೆತ್ತೆಗೂ ಇರುವ ಸಂಬಂಧವನ್ನು, ಅದನ್ನು ತೆಗೆದರೆ ನೋವು ಹೋಗುತ್ತದೆ ಎಂಬುದನ್ನು 1934ರಲ್ಲಿ ಅಮೆರಿಕದ ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಇಬ್ಬರು ಶಸ್ತ್ರವೈದ್ಯರು ಸ್ಪಷ್ಟವಾಗಿ ತೋರಿಸಿಕೊಟ್ಟರು.

ಹಸು ಎಮ್ಮೆಗಳಲ್ಲಿ ಈ ಕಾಯಿಲೆ ಅಪರೂಪ. ನಾಯಿಗಳಲ್ಲಿ, ಅದರಲ್ಲೂ ಉದ್ದ ಮೈಯ ಗಿಡ್ಡ ಕಾಲಿನ ಡ್ಯಾಷ್‌ಹುಂಡ್ ಜಾತಿಯಲ್ಲಿ, ಧಾರಾಳವಾಗಿ ಬರುತ್ತದೆ. ಹಾಗಾಗಿ ಪಶುವೈದ್ಯರಿಗೆ ಇದು ಅಪರಿಚಿತವಲ್ಲ.

ಇಲ್ಲಿ ಒಂದು ಮಾತು ಮನಸ್ಸಿನಲ್ಲಿರಲಿ. ದೊಡ್ಡವರ ಡಿಸ್ಕಿನೊಳಗೆ ರಕ್ತನಾಳಗಳಿಲ್ಲ. ಅಕ್ಕಪಕ್ಕದ ಮೂಳೆಯಿಂದ ಒಸರಿ ಬರುವ ಪೋಷಣೆಯಲ್ಲಿ ಅದು ಬದುಕುತ್ತದೆ. ಆದ್ದರಿಂದ ಹರಿದದ್ದು ಚರ್ಮದ ಗಾಯದಂತೆ ಹತ್ತು ದಿನದಲ್ಲಿ ಕೂಡುವುದಿಲ್ಲ. ಆಪರೇಷನ್ನಿನಲ್ಲಿ ವೈದ್ಯರು ನರವನ್ನು ಒತ್ತುತ್ತಿರುವ ತುಂಡನ್ನು ತೆಗೆಯುತ್ತಾರೆ. ಡಿಸ್ಕನ್ನು ಹೊಸದು ಮಾಡುವುದಿಲ್ಲ. ಟ್ಯೂಬಿಗೆ ಪ್ಯಾಚ್ ಹಾಕಿದ ಹಾಗೆ ಅಲ್ಲಿ ಏನನ್ನೂ ಅಂಟಿಸಿರುವುದಿಲ್ಲ. ಹರಿದ ಜಾಗದಲ್ಲಿ ನಿಧಾನವಾಗಿ ಗಾಯದ ನಾರು ಬೆಳೆದು ಮುಚ್ಚಿಕೊಳ್ಳಬೇಕು. ಹೊಲಿಗೆ ಬಿಚ್ಚಿದ ದಿನ ಒಳಗಿನದೂ ಮಾಗಿದೆ ಎಂದುಕೊಳ್ಳುವುದರಿಂದಲೇ ತೊಂದರೆ ಶುರುವಾಗುತ್ತದೆ.

ಹಾಗೆಯೇ, ಈ ಆಪರೇಷನ್ನಿನಿಂದ ಮುಖ್ಯವಾಗಿ ಹೋಗುವುದು ಕಾಲಿನ ನೋವು. ಸೊಂಟದ ನೋವು ಅಷ್ಟು ಖಾತ್ರಿಯಾಗಿ ಹೋಗುವುದಿಲ್ಲ. ಕಾಲುನೋವು ಜಾಸ್ತಿ, ಸೊಂಟನೋವು ಕಡಿಮೆ ಇದ್ದವರಿಗೆ ಫಲಿತಾಂಶ ಒಳ್ಳೆಯದು. ಬರೀ ಸೊಂಟನೋವಿಗೆ ಡಿಸ್ಕ್ ತೆಗೆಸಿಕೊಂಡರೆ ನಿರಾಸೆಯೇ ಹೆಚ್ಚು. ಇದನ್ನು ಮೊದಲೇ ವೈದ್ಯರ ಹತ್ತಿರ ಬಾಯಿಬಿಟ್ಟು ಕೇಳಿ ತಿಳಿದುಕೊಂಡವರು ಆಮೇಲೆ ಕೊರಗುವುದು ಕಡಿಮೆ.

ನರ ಎಷ್ಟು ಹೊತ್ತು ಒತ್ತಿಸಿಕೊಂಡಿತ್ತು?

ಕರು ಹಾಕಿದ ಹಸು ಏಳದೆ ಮಲಗಿದಾಗ ನಾವು ಬಂದು ಕೇಳುವ ಮೊದಲ ಪ್ರಶ್ನೆ ನಿಮಗೆ ಗೊತ್ತು: "ಮಲಗಿ ಎಷ್ಟು ಹೊತ್ತಾಯಿತು?" ಬೆಳಿಗ್ಗೆ ಮಲಗಿದ್ದನ್ನು ಬೆಳಿಗ್ಗೆಯೇ ಹೇಳಿದರೆ ಬಾಟಲಿ ಹಾಕಿದ ಗಂಟೆಯೊಳಗೆ ಎದ್ದು ಮೇವಿಗೆ ಬಾಯಿ ಹಾಕುವ ಹಸು, ಒಂದೇ ಮಗ್ಗುಲಲ್ಲಿ ಒಂದು ಹಗಲು ಒಂದು ರಾತ್ರಿ ಬಿದ್ದಿದ್ದರೆ ರಕ್ತದಲ್ಲಿ ಸುಣ್ಣದಂಶ ಸರಿಹೋದ ಮೇಲೂ ಏಳುವುದಿಲ್ಲ. ಅಷ್ಟರಲ್ಲಿ ತನ್ನದೇ ಭಾರಕ್ಕೆ ಸಿಕ್ಕಿ ತೊಡೆಯ ಸ್ನಾಯು, ನರ ಜಖಂ ಆಗಿರುತ್ತವೆ. ಮಗ್ಗುಲು ಬದಲಿಸಿ, ಅಡಿಗೆ ಹುಲ್ಲು ಹಾಕಿ ಎಂದು ನಾವು ಗೋಗರೆಯುವುದು ಅದಕ್ಕೇ.

ಮನುಷ್ಯರ ನರಕ್ಕೂ ಇದೇ ನ್ಯಾಯ, ಆದರೆ ಗಡಿಯಾರ ನಿಧಾನ. ಅಮೆರಿಕದ ಹನ್ನೊಂದು ರಾಜ್ಯಗಳ 13 ಆಸ್ಪತ್ರೆಗಳಲ್ಲಿ 2000ನೇ ಇಸವಿಯಿಂದ ನಡೆದ 'ಸ್ಪೋರ್ಟ್' ಎಂಬ ದೊಡ್ಡ ಅಧ್ಯಯನದಲ್ಲಿ, ಕಾಲುನೋವು ಶುರುವಾಗಿ ಆರು ತಿಂಗಳು ದಾಟಿದ ಮೇಲೆ ಚಿಕಿತ್ಸೆ ಪಡೆದವರಿಗಿಂತ ಆರು ತಿಂಗಳೊಳಗೆ ಪಡೆದವರು ವರ್ಷಗಳ ನಂತರವೂ ಚೆನ್ನಾಗಿದ್ದರು.

ಹಾಗೆಂದು ನೋವು ಬಂದ ವಾರಕ್ಕೇ ಆಪರೇಷನ್ ಮೇಜಿಗೆ ಓಡಬೇಕಿಲ್ಲ. ಹೊರಬಂದ ತಿರುಳನ್ನು ದೇಹವೇ ಎಷ್ಟೋ ಸಲ ಕರಗಿಸಿಕೊಳ್ಳುತ್ತದೆ. ದೊಡ್ಡ ತುಂಡೇ ಹೆಚ್ಚಾಗಿ ಕರಗುತ್ತದೆ ಎಂಬುದು ವಿಚಿತ್ರವಾದರೂ ನಿಜ. ಹೆಚ್ಚಿನವರಿಗೆ ಆರರಿಂದ ಹನ್ನೆರಡು ವಾರದೊಳಗೆ ನೋವು ಇಳಿಯುತ್ತದೆ. ಹಾಲೆಂಡಿನಲ್ಲಿ 283 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬೇಗ ಆಪರೇಷನ್, ಇನ್ನೊಂದಕ್ಕೆ ಕಾದು ನೋಡುವ ಚಿಕಿತ್ಸೆ ಕೊಟ್ಟ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಆಪರೇಷನ್ ಆದವರ ನೋವು ಬೇಗ ಹೋಯಿತು. ಆದರೆ ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ ನೂರಕ್ಕೆ 95 ಜನ ಗುಣವಾಗಿದ್ದೇವೆ ಎಂದರು. ಕಾದ ಗುಂಪಿನಲ್ಲೂ ನೂರಕ್ಕೆ 39 ಜನರಿಗೆ ಕೊನೆಗೆ ಆಪರೇಷನ್ನೇ ಆಯಿತು ಎಂಬುದನ್ನೂ ಸೇರಿಸಿ ಓದಬೇಕು. ಎರಡು ಮೂರು ತಿಂಗಳು ಸರಿಯಾದ ಚಿಕಿತ್ಸೆಯಲ್ಲಿ ಕಾಯುವುದು ಬೇರೆ, ಸೊಂಟಕ್ಕೆ ಬೆಲ್ಟ್ ಬಿಗಿದು ಮಾತ್ರೆ ನುಂಗಿ ವರ್ಷಗಟ್ಟಲೆ ಹೊರೆ ಹೊರುವುದು ಬೇರೆ. ನಮ್ಮಲ್ಲಿ ನಾನು ಕಾಣುವುದು ಎರಡನೆಯದನ್ನೇ.

ಕೆಲವು ಲಕ್ಷಣಗಳಿಗೆ ಮಾತ್ರ ಕಾಯುವ ಮಾತೇ ಇಲ್ಲ. ಮೂತ್ರ ಕಟ್ಟುವುದು ಅಥವಾ ಅರಿವಿಲ್ಲದೆ ಹೋಗುವುದು, ಮಲ ಹಿಡಿಯಲಾಗದಿರುವುದು, ಎರಡು ತೊಡೆಗಳ ನಡುವೆ ಕೂರುವ ಜಾಗ ಜೋಮು ಹಿಡಿದು ಸ್ಪರ್ಶ ತಿಳಿಯದಿರುವುದು, ಎರಡೂ ಕಾಲಿನ ಶಕ್ತಿ ಒಟ್ಟಿಗೆ ಕುಸಿಯುವುದು. ಇವು ಕಂಡ ದಿನವೇ ದೊಡ್ಡ ಆಸ್ಪತ್ರೆ ಸೇರಬೇಕು. ಸಂಜೆ ಹಾಲು ಕರೆದು ಹೋಗೋಣ ಎನ್ನಬೇಡಿ. ಒಂದೆರಡು ದಿನ ತಡವಾದರೂ ಕೆಲವರಿಗೆ ಮೂತ್ರದ ಹಿಡಿತ ಜೀವನಪೂರ್ತಿ ಮರಳುವುದಿಲ್ಲ. ಪಾದ ಮೇಲೆತ್ತಲಾಗದೆ ನೆಲಕ್ಕೆ ಉಜ್ಜುವುದೂ ತಡಮಾಡುವ ಲಕ್ಷಣವಲ್ಲ. ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ನಡೆದು ನೋಡಿ. ಒಂದು ಪಾದ ಮುಂದಕ್ಕೆ ಬೀಳುತ್ತಿದ್ದರೆ ವೈದ್ಯರಿಗೆ ಅದನ್ನೇ ಮೊದಲು ಹೇಳಿ.

ನನ್ನ ವ್ಯಾಪ್ತಿಯ ಒಬ್ಬ ಉತ್ಪಾದಕ ಮಹಿಳೆಯ ಮನೆಯಲ್ಲಿ ನಾಲ್ಕು ಕರೆಯುವ ಹಸು. ಸಂಕ್ರಾಂತಿಯ ಹೊತ್ತಿಗೆ ಶುರುವಾದ ಕಾಲುನೋವನ್ನು ಗೌರಿ ಹಬ್ಬದವರೆಗೆ ಎಳೆದರು. ನಡುವೆ ಎಡಗಾಲಿನ ಚಪ್ಪಲಿ ತಮಗೆ ಗೊತ್ತಿಲ್ಲದೆ ಕಳಚಿ ಬೀಳುತ್ತಿತ್ತಂತೆ, ಚಪ್ಪಲಿ ಸಡಿಲವಾಗಿದೆ ಎಂದು ಹೊಸದು ಕೊಂಡರು. ಆಪರೇಷನ್ ಚೆನ್ನಾಗಿಯೇ ಆಯಿತು, ನೋವು ಮಾರನೇ ದಿನವೇ ಹೋಯಿತು. ಆದರೆ ಪಾದದ ಶಕ್ತಿ ಒಂದು ವರ್ಷ ದಾಟಿದರೂ ಪೂರ್ತಿ ಬಂದಿಲ್ಲ. ಒದ್ದೆ ಕೊಟ್ಟಿಗೆಯಲ್ಲಿ ಈಗಲೂ ಗೋಡೆ ಹಿಡಿದು ನಡೆಯುತ್ತಾರೆ. ಸತ್ತ ನರದ ಎಳೆ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಸೊಂಟದಿಂದ ಮೊಣಕಾಲಿನ ಕೆಳಗಿನವರೆಗೆ ಅಳೆದು ನೋಡಿದರೆ ಎಷ್ಟು ತಿಂಗಳು ಎಂದು ನಿಮಗೇ ತಿಳಿಯುತ್ತದೆ. ಬಹಳ ತಡವಾದರೆ ಅಲ್ಲಿಯವರೆಗೂ ಅದು ತಲುಪದೇ ಇರಬಹುದು.

ನಾಯಿಗಳಲ್ಲಿ ಇದನ್ನು ನಾವು ಇನ್ನೂ ಕಟುವಾಗಿ ನೋಡುತ್ತೇವೆ. ಹಿಂಗಾಲು ಸೋತ ನಾಯಿಯ ಬೆರಳನ್ನು ಇಕ್ಕಳದಿಂದ ಅದುಮಿದಾಗ ಅದು ತಿರುಗಿ ನೋಡಿದರೆ, ಅಂದರೆ ಆಳದ ನೋವು ಇನ್ನೂ ತಿಳಿಯುತ್ತಿದ್ದರೆ, ಆಪರೇಷನ್ ನಂತರ ಹತ್ತರಲ್ಲಿ ಒಂಬತ್ತು ನಾಯಿಗಳು ನಡೆಯುತ್ತವೆ. ಅದೂ ತಿಳಿಯದಿದ್ದರೆ ಸುಮಾರು ಅರ್ಧದಷ್ಟು ಮಾತ್ರ. ನಾಯಿಯಲ್ಲಿ ಒತ್ತುವುದು ಬೆನ್ನುಹುರಿಯನ್ನೇ, ಮನುಷ್ಯರ ಸೊಂಟದಲ್ಲಿ ಹುರಿ ಮುಗಿದು ನರದ ಬುಡಗಳಷ್ಟೇ ಇರುತ್ತವೆ, ಆದ್ದರಿಂದ ನಮ್ಮ ಅದೃಷ್ಟ ಸ್ವಲ್ಪ ಮೇಲು. ಆದರೆ ಆಪರೇಷನ್ನಿಗೆ ಹೋಗುವಾಗ ನರದಲ್ಲಿ ಎಷ್ಟು ಜೀವ ಉಳಿದಿತ್ತೋ ಆಮೇಲಿನ ಚೇತರಿಕೆಯೂ ಅಷ್ಟೇ ಎಂಬುದು ಎರಡೂ ಕಡೆ ಒಂದೇ.

ನಿಮ್ಮ ಕೈಯಲ್ಲಿರುವುದು, ಇಲ್ಲದಿರುವುದು

ಮತ್ತೆ ಅದೇ ಡಿಸ್ಕ್ ಜಾರುವುದು ಎಲ್ಲರ ಭಯ. ಮೇಲೆ ಹೇಳಿದ ಅಮೆರಿಕದ ಅಧ್ಯಯನದಲ್ಲಿ ಆಪರೇಷನ್ ಆದವರ ಪೈಕಿ ಎಂಟು ವರ್ಷದೊಳಗೆ ನೂರಕ್ಕೆ 15 ಜನರಿಗೆ ಇನ್ನೊಂದು ಆಪರೇಷನ್ ಬೇಕಾಯಿತು. ಉಳಿದ 85 ಜನರಿಗೆ ಬೇಕಾಗಲಿಲ್ಲ ಎಂದೂ ಓದಬಹುದು.

ಇದರಲ್ಲಿ ಒಂದು ಭಾಗ ಯಾರ ಕೈಯಲ್ಲೂ ಇಲ್ಲ. ನಾರಿನ ಸುತ್ತಿನಲ್ಲಿ ಸಣ್ಣ ಸೀಳಿದ್ದವರಿಗೆ ಮತ್ತೆ ಜಾರುವುದು ನೂರಕ್ಕೆ ಒಂದರಷ್ಟು, ದೊಡ್ಡ ತೂತು ಬಿದ್ದಿದ್ದವರಿಗೆ ನೂರಕ್ಕೆ 27ರಷ್ಟು ಎಂದು ಅಮೆರಿಕದ ಕ್ಯಾರಗಿ ಎಂಬ ವೈದ್ಯರ ತಂಡ 2003ರಲ್ಲಿ ವರದಿ ಮಾಡಿತು. ಬಿಡುಗಡೆಯ ದಿನ "ತೂತು ದೊಡ್ಡದಿತ್ತೇ, ಚಿಕ್ಕದಿತ್ತೇ ಡಾಕ್ಟ್ರೇ?" ಎಂದು ಕೇಳಿ. ದೊಡ್ಡದಿದ್ದರೆ ಮುಂದೆ ನಾನು ಹೇಳುವ ಕೊಟ್ಟಿಗೆ ವ್ಯವಸ್ಥೆಯನ್ನು ಇನ್ನಷ್ಟು ತಿಂಗಳು ಮುಂದುವರಿಸಬೇಕಾಗುತ್ತದೆ.

ಬೀಡಿ ಸಿಗರೇಟು ಮಾತ್ರ ಪೂರ್ತಿ ನಿಮ್ಮ ಕೈಯಲ್ಲಿದೆ. ಡಿಸ್ಕಿಗೆ ಮೊದಲೇ ರಕ್ತ ಇಲ್ಲ. ಅಕ್ಕಪಕ್ಕದ ಮೂಳೆಯ ಸಣ್ಣ ರಕ್ತನಾಳಗಳನ್ನು ತಂಬಾಕು ಇನ್ನಷ್ಟು ಕಿರಿದು ಮಾಡಿದರೆ ಒಸರಿ ಬರುವುದೂ ಕಡಿಮೆಯಾಗುತ್ತದೆ. ಸೇದುವವರಲ್ಲಿ ಮತ್ತೆ ಜಾರುವುದು ಹೆಚ್ಚು, ನೋವು ಉಳಿಯುವುದೂ ಹೆಚ್ಚು. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ ಗಾಯ ಕೀವಾಗುವ, ನರ ನಿಧಾನವಾಗಿ ಚೇತರಿಸುವ ತೊಂದರೆ ಇದೆ. ಹೊಟ್ಟೆಯ ಬೊಜ್ಜಿನ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ.

ಇನ್ನೊಂದು ಅಂಶವನ್ನು ಹಳ್ಳಿಯಲ್ಲಿ ಯಾರೂ ಕಾಯಿಲೆಯ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಮನಸ್ಸು. ಅಲುಗಾಡಿದರೆ ಏನೋ ಆಗಿಬಿಡುತ್ತದೆ ಎಂದು ಹೆದರಿ ಮಲಗಿದವರು, ಇನ್ನು ನನ್ನಿಂದ ಏನೂ ಆಗದು ಎಂದು ಕುಗ್ಗಿದವರು, ಒಂದೇ ರೀತಿಯ ಎಂಆರ್‌ಐ ಇದ್ದ ಬೇರೆಯವರಿಗಿಂತ ನಿಧಾನವಾಗಿ ಚೇತರಿಸುತ್ತಾರೆ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ನೆರೆಹೊರೆಯವರು ಬಂದು "ಬೆನ್ನಿಗೆ ಕತ್ತರಿ ಹಾಕಿಸಿಕೊಂಡವರು ಉದ್ಧಾರ ಆಗಿದ್ದುಂಟಾ" ಎಂದು ಹೇಳಿ ಕಾಫಿ ಕುಡಿದು ಹೋಗುತ್ತಾರಲ್ಲ, ಅವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸುವುದು ಒಳ್ಳೆಯದು.

ಮೂರು ತಿಂಗಳು ಮಂಚ ಬಿಟ್ಟು ಇಳಿಯಬಾರದು ಎಂಬುದು ಹಳೆಯ ಮಾತು. ಇದೇ ಕ್ಯಾರಗಿ 1990ರ ದಶಕದಲ್ಲಿ ತಮ್ಮ ರೋಗಿಗಳಿಗೆ ಯಾವ ನಿರ್ಬಂಧವನ್ನೂ ಹಾಕದೆ ಬಿಟ್ಟರು. ಸರಾಸರಿ ಎರಡು ವಾರದೊಳಗೆ ಅವರು ಕೆಲಸಕ್ಕೆ ಮರಳಿದರು, ಮತ್ತೆ ಜಾರಿದವರ ಸಂಖ್ಯೆ ಅದರಿಂದ ಏರಲಿಲ್ಲ. ಇದನ್ನು ಓದಿ ಮೇವಿನ ಹೊರೆಗೆ ತಲೆ ಕೊಡಬೇಡಿ. ಆಫೀಸಿನ ಕುರ್ಚಿಗೆ ಮರಳುವುದಕ್ಕೂ ನಮ್ಮ ಕೆಲಸಕ್ಕೆ ಮರಳುವುದಕ್ಕೂ ವ್ಯತ್ಯಾಸವಿದೆ. ಅದರಿಂದ ನಾವು ತೆಗೆದುಕೊಳ್ಳಬೇಕಾದದ್ದು ಇಷ್ಟೇ: ಎದ್ದು ನಡೆದಾಡುವುದರಿಂದ ಡಿಸ್ಕ್ ಕೆಡುವುದಿಲ್ಲ. ಆಪರೇಷನ್ ಆದ ನಾಲ್ಕರಿಂದ ಆರು ವಾರಕ್ಕೆ ಶುರುಮಾಡುವ ವ್ಯಾಯಾಮದಿಂದ ನೋವು ಬೇಗ ಇಳಿಯುತ್ತದೆ, ಅದರಿಂದ ಎರಡನೇ ಆಪರೇಷನ್ ಹೆಚ್ಚಿದ್ದು ಕಂಡುಬಂದಿಲ್ಲ. ಫಿಸಿಯೋಥೆರಪಿಗೆ ಬರೆದುಕೊಟ್ಟ ಚೀಟಿ ಔಷಧದ ಚೀಟಿಯಷ್ಟೇ ಮುಖ್ಯ. ಪಟ್ಟಣಕ್ಕೆ ವಾರಕ್ಕೆ ಎರಡು ಸಲ ಹೋಗುವುದು ಆಗದಿದ್ದರೆ ಒಂದೇ ಸಲ ಹೋಗಿ, ಮನೆಯಲ್ಲಿ ಮಾಡುವುದನ್ನು ಕಲಿಸಿಕೊಡಿ ಎಂದು ಕೇಳಿ, ಮಗನ ಫೋನಿನಲ್ಲಿ ವಿಡಿಯೋ ಮಾಡಿಸಿಕೊಂಡು ಬನ್ನಿ.

ಮುಂಜಾನೆಯ ಡಿಸ್ಕ್

ಹೈನುಗಾರರಿಗೆ ಬೇರೆ ಯಾರಿಗೂ ಇಲ್ಲದ ಒಂದು ತೊಂದರೆ ಇದೆ, ಅದು ಹೊತ್ತಿನದು.

ರಾತ್ರಿ ಮಲಗಿದಾಗ ಡಿಸ್ಕು ನೀರು ಹೀರಿಕೊಂಡು ಊದುತ್ತದೆ. ಹಗಲು ಓಡಾಡುವಾಗ ಭಾರಕ್ಕೆ ನೀರು ಹೊರಹೋಗಿ ತೆಳ್ಳಗಾಗುತ್ತದೆ. ಬೆಳಿಗ್ಗೆ ಎದ್ದಾಗ ನಾವೆಲ್ಲ ಸಂಜೆಗಿಂತ ಒಂದೆರಡು ಸೆಂಟಿಮೀಟರ್ ಎತ್ತರ ಇರುವುದು ಇದರಿಂದಲೇ. ನೀರು ತುಂಬಿದ ಡಿಸ್ಕು ಬಿಗಿ ತುಂಬಿದ ಚೀಲದಂತೆ. ಬಗ್ಗಿಸಿದರೆ ಸುತ್ತಿನ ನಾರು ಬಿರಿಯುವಷ್ಟು ಎಳೆಯುತ್ತದೆ. ಹಗಲಿನ ಉಳಿದ ಹೊತ್ತಿಗಿಂತ ಮುಂಜಾನೆ ಬಗ್ಗಿದಾಗ ಡಿಸ್ಕಿನ ಮೇಲೆ ಬೀಳುವ ಎಳೆತ ಸುಮಾರು ಮೂರು ಪಟ್ಟು ಹೆಚ್ಚುತ್ತದೆ ಎಂದು ಇಂಗ್ಲೆಂಡಿನ ಸಂಶೋಧಕರು 1987ರಲ್ಲಿ ಲೆಕ್ಕಹಾಕಿದ್ದಾರೆ. 1998ರ ಇನ್ನೊಂದು ಅಧ್ಯಯನದಲ್ಲಿ, ದೀರ್ಘಕಾಲದ ಸೊಂಟನೋವಿದ್ದವರಿಗೆ ಎದ್ದ ಮೇಲಿನ ಮೊದಲ ಎರಡು ಗಂಟೆ ಬಗ್ಗಬೇಡಿ ಎಂದಷ್ಟೇ ಹೇಳಿಕೊಟ್ಟಾಗ ನೋವಿನ ದಿನಗಳು ಕಡಿಮೆಯಾದವು. ಅವರು ಆಪರೇಷನ್ ಆದವರಲ್ಲ, ನಿಜ. ಆದರೆ ಹರಿದು ಮಾಗುತ್ತಿರುವ ಡಿಸ್ಕಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು ಎಂದು ನನ್ನ ಅಭಿಪ್ರಾಯ.

ಈಗ ನಮ್ಮ ದಿನಚರಿ ನೋಡಿ. ಐದಕ್ಕೆ ಎದ್ದು, ಮುಖ ತೊಳೆದ ಐದು ನಿಮಿಷಕ್ಕೆ ಬಗ್ಗಿ ಸಗಣಿ ಬಾಚುತ್ತೇವೆ. ಆಮೇಲೆ ಕುಕ್ಕರುಗಾಲಲ್ಲಿ ಕೂತು, ಬೆನ್ನು ಕಮಾನು ಮಾಡಿ, ಮೊಣಕಾಲ ನಡುವೆ ಬಕೆಟ್ ಹಿಡಿದು ಹಾಲು ಕರೆಯುತ್ತೇವೆ. ಅದಾದ ಮೇಲೆ ಕ್ಯಾನ್ ಎತ್ತಿ ಡೇರಿಗೆ ಓಟ. ಡಿಸ್ಕಿಗೆ ಆಗದ ಹೊತ್ತಿನಲ್ಲಿ ಆಗದ ಕೆಲಸಗಳನ್ನೆಲ್ಲ ಸಾಲಾಗಿ ಮಾಡಿ ಮುಗಿಸುತ್ತೇವೆ.

ಎತ್ತುವ ರೀತಿಯಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಎಂಬುದಕ್ಕೂ ಲೆಕ್ಕವಿದೆ. 1990ರ ದಶಕದ ಕೊನೆಯಲ್ಲಿ ಜರ್ಮನಿಯಲ್ಲಿ ಒಬ್ಬ ಸ್ವಯಂಸೇವಕನ ಸೊಂಟದ ಡಿಸ್ಕಿನೊಳಗೇ ಒತ್ತಡ ಅಳೆಯುವ ಸಾಧನ ಇಟ್ಟು ನೋಡಿದರು. ಟೈರಿಗೆ ಗಾಳಿ ಹಾಕಿಸುವ ಪೌಂಡ್ ಲೆಕ್ಕದಲ್ಲಿ ಹೇಳುವುದಾದರೆ, ಸುಮ್ಮನೆ ನಿಂತಾಗ ಸುಮಾರು 70 ಪೌಂಡ್, ಮಲಗಿದಾಗ ಸುಮಾರು 15. ಇಪ್ಪತ್ತು ಕೆಜಿ ಭಾರವನ್ನು ಬೆನ್ನು ಬಾಗಿಸಿ ಎತ್ತಿದಾಗ 330 ದಾಟಿತು. ಅದೇ ಭಾರವನ್ನು ಮೊಣಕಾಲು ಮಡಿಸಿ, ಬೆನ್ನು ನೆಟ್ಟಗಿಟ್ಟು ಎತ್ತಿದಾಗ 250ರ ಹತ್ತಿರ. ಮೈಗೆ ಒತ್ತಿ ಹಿಡಿದು ನಿಂತಾಗ 160. ಇಪ್ಪತ್ತು ಕೆಜಿ ಎಂದರೆ ಬೇರೇನಲ್ಲ, ನಮ್ಮ 20 ಲೀಟರ್ ಹಾಲೇ, ಕ್ಯಾನಿನ ತೂಕ ಬೇರೆ. ಅದನ್ನೇ ಹತ್ತು ಹತ್ತು ಲೀಟರಿನ ಎರಡು ಕ್ಯಾನು ಮಾಡಿ ಎರಡು ಸಲ ಒಯ್ದರೆ ಕಳೆದುಕೊಳ್ಳುವುದು ಐದು ನಿಮಿಷ.

ಆಪರೇಷನ್ನಿಗೆ ಮೊದಲೇ ಕೊಟ್ಟಿಗೆ ಸಿದ್ಧವಾಗಲಿ

ತುರ್ತು ಇಲ್ಲದ ಆಪರೇಷನ್ನಿಗೆ ವೈದ್ಯರು ದಿನ ಕೊಡುವಾಗ "ನಿಮಗೆ ಯಾವಾಗ ಅನುಕೂಲ?" ಎಂದು ಕೇಳುವುದುಂಟು. ನಾವು ಮದುವೆ, ಜಾತ್ರೆ, ನಾಟಿ ನೋಡಿ ಹೇಳುತ್ತೇವೆ. ಹಸುವಿನ ಕಡೆಯೂ ಒಮ್ಮೆ ನೋಡಿ. ಕರು ಹಾಕುವ ಅರವತ್ತು ದಿನ ಮೊದಲು ಹಾಲು ಬತ್ತಿಸಬೇಕಲ್ಲ, ಆ ಎರಡು ತಿಂಗಳು ಆ ಹಸುವಿಗೆ ಕರೆಯುವ ಕೆಲಸವೇ ಇಲ್ಲ. ಎರಡು ಹಸು ಬತ್ತಿರುವ ಕಾಲಕ್ಕೆ ಆಪರೇಷನ್ ಹೊಂದಿಸಿಕೊಂಡರೆ ಮನೆಯ ಭಾರ ಅರ್ಧ ಇಳಿಯುತ್ತದೆ. ಹೆರಿಗೆಗೆ ಹದಿನೈದು ದಿನ ಇರುವಾಗ ಆಸ್ಪತ್ರೆ ಸೇರುವುದು ಬೇಡ. ಕರು ಎಳೆಯುವ ರಾತ್ರಿ ಮನೆಯ ಯಜಮಾನ ಹೊಲಿಗೆ ಹಾಕಿಸಿಕೊಂಡ ಬೆನ್ನಿನಲ್ಲಿ ಸುಮ್ಮನೆ ನಿಂತು ನೋಡುವುದಿಲ್ಲ, ಕೈ ಹಾಕಿಯೇ ಹಾಕುತ್ತಾನೆ. ಆದರೆ ಹಸುವಿನ ಲೆಕ್ಕ ಹಿಡಿದು ಆರು ತಿಂಗಳ ಗಡಿ ದಾಟಿಸಬೇಡಿ. ಎರಡು ಲೆಕ್ಕ ಹೊಂದದಿದ್ದರೆ ನರದ ಲೆಕ್ಕವೇ ಮೊದಲು.

ಎರಡನೆಯದು ಕರೆಯುವ ಕೈ. ನಾಲ್ಕು ವರ್ಷ ಒಂದೇ ಕೈಗೆ ಹಾಲು ಕೊಟ್ಟ ಹಸುವಿನ ಮುಂದೆ ಒಂದು ದಿನ ಇದ್ದಕ್ಕಿದ್ದಂತೆ ಬೇರೆಯವರು ಹೋಗಿ ಕೂತರೆ ಅದು ಹೆದರುತ್ತದೆ. ಹೆದರಿದಾಗ ಮೈಯಲ್ಲಿ ಹರಿಯುವ ಅಡ್ರಿನಲಿನ್, ಹಾಲು ಇಳಿಸುವ ಆಕ್ಸಿಟೋಸಿನ್ ಕೆಲಸವನ್ನು ತಡೆಯುತ್ತದೆ. ತೊರೆ ಬಿಡದೆ ಹಾಲು ಒಳಗೇ ಉಳಿಯುತ್ತದೆ, ವಾರದಲ್ಲಿ ಕೆಚ್ಚಲು ಬಾವು ಬರುತ್ತದೆ, ಆಪರೇಷನ್ ಖರ್ಚಿನ ಮೇಲೆ ನಮ್ಮ ಔಷಧದ ಖರ್ಚು. ಆಗ ಆಸ್ಪತ್ರೆಯಿಂದ ಬಂದವರು ಹನ್ನೆರಡನೇ ದಿನಕ್ಕೇ ಬಕೆಟ್ ಹಿಡಿದು ಕೂರುತ್ತಾರೆ. ಇದನ್ನು ನಾನು ಒಂದಲ್ಲ, ಹಲವು ಮನೆಗಳಲ್ಲಿ ನೋಡಿದ್ದೇನೆ.

ಆದ್ದರಿಂದ ಆಪರೇಷನ್ನಿಗೆ ಕನಿಷ್ಠ ಎರಡು ಮೂರು ವಾರ ಮೊದಲೇ ಇನ್ನೊಬ್ಬರನ್ನು ಅಭ್ಯಾಸ ಮಾಡಿಸಿ. ಸಾಧು ಹಸುವಿನಿಂದ, ಸಂಜೆ ಹೊತ್ತಿನಿಂದ ಶುರುಮಾಡಿ. ನೀವು ಹಸುವಿನ ತಲೆಯ ಬಳಿ ನಿಂತು ಗಂಗೆದೊಗಲು ಸವರುತ್ತಾ ಮಾತಾಡಿಸುತ್ತಿರಿ. ಹೊಸಬರು ಹೆಬ್ಬೆರಳು ಮಡಚಿ ಮೊಲೆತೊಟ್ಟು ಎಳೆಯದೆ ಪೂರ್ತಿ ಮುಷ್ಟಿಯಲ್ಲಿ ಕರೆಯಲಿ. ಮೊದಲ ತಿಂಗಳು ವಾರಕ್ಕೊಮ್ಮೆ ಕೆಚ್ಚಲು ಬಾವು ಪರೀಕ್ಷೆ ಮಾಡಿಸಿ, ಕರೆದ ನಂತರ ತೊಟ್ಟು ಅದ್ದುವುದನ್ನು ತಪ್ಪಿಸಬೇಡಿ. ಹಾಲು ಕರೆಯುವ ಯಂತ್ರ ಕೊಳ್ಳುವ ಯೋಚನೆ ಇದ್ದರೆ ಅದನ್ನೂ ಮೊದಲೇ ತಂದು ಸದ್ದಿಗೆ ಹಸುವನ್ನು ಒಗ್ಗಿಸಿ. ಅನುದಾನ ಇದೆಯೇ ಎಂದು ಸಂಘದ ಕಾರ್ಯದರ್ಶಿಯನ್ನು ಕೇಳಿ. ಮನೆಯ ಗಂಡಸರಿಗೆ ಒಂದು ಮಾತು: ಡೇರಿ ಪಾಸ್‌ಬುಕ್ಕಿನಲ್ಲಿ ನಿಮ್ಮ ಹೆಸರು, ಹಾಲು ಕರೆಯುವುದು ಮನೆಯಾಕೆ ಎಂಬ ಮನೆಗಳೇ ಹೆಚ್ಚು. ಆಕೆಗೆ ಆಪರೇಷನ್ ಆದಾಗ ಕಲಿಯಬೇಕಾದ ಕೈ ನಿಮ್ಮದು, ಅತ್ತೆಯದೋ ಎಂಟನೇ ಕ್ಲಾಸಿನ ಮಗಳದೋ ಅಲ್ಲ.

ಮೂರನೆಯದು ಮೇವು. ದಿನವೂ ಕುಡುಗೋಲು ಹಿಡಿದು ಬಗ್ಗಿ ಹಸಿ ಹುಲ್ಲು ಕೊಯ್ದು ಹೊರುವ ಕೆಲಸವನ್ನು ಒಂದೇ ಸಲಕ್ಕೆ ಮುಗಿಸುವ ದಾರಿ ರಸಮೇವು. ಹಸುವಿಗೆ ದಿನಕ್ಕೆ 20 ಕೆಜಿಯಂತೆ ಎರಡು ಹಸುವಿಗೆ ಮೂರು ತಿಂಗಳಿಗೆ 3,600 ಕೆಜಿ ಸಾಕು. ಅರ್ಧ ಎಕರೆ ಮುಸುಕಿನ ಜೋಳ ಕಾಳು ಹಾಲುಗಟ್ಟಿ ಗಟ್ಟಿಯಾಗುವ ಹೊತ್ತಿಗೆ ಕತ್ತರಿಸಿ ತುಂಬಿದರೆ ಅದಕ್ಕಿಂತ ಹೆಚ್ಚೇ ಸಿಗುತ್ತದೆ. ಮಾಗಲು ಸುಮಾರು 45 ದಿನ ಬೇಕು, ಆ ಲೆಕ್ಕದಲ್ಲಿ ಮುಂಚೆಯೇ ತುಂಬಿ.

ಇಷ್ಟೆಲ್ಲ ಆಗದ ಮನೆಯಲ್ಲಿ ನಾಲ್ಕರಲ್ಲಿ ಒಂದನ್ನೋ ಎರಡನ್ನೋ ಮಾರುವುದು ಸೋಲಲ್ಲ. ಕಡಿಮೆ ಹಾಲಿನದನ್ನು, ಪದೇ ಪದೇ ಗಬ್ಬ ನಿಲ್ಲದ್ದನ್ನು ಮಾರಿ. ಒಳ್ಳೆಯ ಹಸು ಒಂದಾದರೂ ಇರಲಿ. ಹಾಲು ಹಾಕುವುದು ಪೂರ್ತಿ ನಿಂತರೆ ಸಂಘದ ಸದಸ್ಯತ್ವದ ಹಕ್ಕುಗಳಿಗೆ ತೊಡಕಾಗುವುದೇ ಎಂದು ಕಾರ್ಯದರ್ಶಿಯ ಬಳಿ ಮೊದಲೇ ವಿಚಾರಿಸಿ. ಯಶಸ್ವಿನಿ ಕಾರ್ಡ್ ಇದ್ದವರು, ನೀವು ಸೇರುವ ಆಸ್ಪತ್ರೆ ಮತ್ತು ನಿಮ್ಮ ಆಪರೇಷನ್ ಯೋಜನೆಯ ಪಟ್ಟಿಯಲ್ಲಿವೆಯೇ ಎಂಬುದನ್ನು ದಾಖಲಾಗುವ ಮೊದಲೇ ಖಚಿತ ಮಾಡಿಕೊಳ್ಳಿ.

ಮರಳುವಾಗ

ಯಾವ ವಾರಕ್ಕೆ ಯಾವ ಕೆಲಸ ಎಂಬುದನ್ನು ನಿಮ್ಮ ಶಸ್ತ್ರವೈದ್ಯರು ಹೇಳಬೇಕು. ಅವರಿಗೆ ನಮ್ಮ ಕೆಲಸದ ಪರಿಚಯ ಇಲ್ಲದಿರಬಹುದು. "ಭಾರ ಎತ್ತಬೇಡಿ" ಎಂದರೆ ನಮ್ಮವರು ಪಶು ಆಹಾರದ 50 ಕೆಜಿ ಚೀಲ ಎತ್ತಬಾರದು ಎಂದಷ್ಟೇ ತಿಳಿಯುತ್ತಾರೆ, ಸಗಣಿ ಮಂಕರಿ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಒಂದೊಂದೇ ಕೆಲಸ ಹೆಸರಿಸಿ ಕೇಳಿ: ಕೂತು ಕರೆಯುವುದು, ಸಗಣಿ ಬಾಚುವುದು, ಹುಲ್ಲು ಕೊಯ್ಯುವುದು, ಕ್ಯಾನ್ ಎತ್ತುವುದು, ಹಳ್ಳಕೊಳ್ಳದ ರಸ್ತೆಯಲ್ಲಿ ಬೈಕಿನ ಮೇಲೆ ಡೇರಿಗೆ ಹೋಗುವುದು.

ಅನುಮತಿ ಸಿಕ್ಕಾಗ ಮೊದಲು ಮರಳಬೇಕಾದದ್ದು ನಿಂತು ಮಾಡುವ ಹಗುರ ಕೆಲಸಗಳಿಗೆ. ತಂಬಿಗೆಯಲ್ಲಿ ಅಳೆದು ಹಿಂಡಿ ಹಾಕುವುದು, ಬೆದೆ ಗಮನಿಸುವುದು, ಪೈಪಿನಲ್ಲಿ ನೀರು ಬಿಡುವುದು. ಕರೆಯುವುದನ್ನು ಸಂಜೆಯ ಒಂದು ಹಸುವಿನಿಂದ ಶುರುಮಾಡಿ, ಬೆಳಗಿನ ಸರದಿಯನ್ನು ಕೊನೆಗೆ ತೆಗೆದುಕೊಳ್ಳಿ. ಬೆಳಿಗ್ಗೆ ಕರೆಯಲೇಬೇಕಾದರೆ ಅರ್ಧ ಗಂಟೆ ಮೊದಲೇ ಎದ್ದು ಅಂಗಳದಲ್ಲಿ ನಡೆದಾಡಿ, ಬಗ್ಗುವ ಕೆಲಸ ತಡವಾಗಿ ಬರುವಂತೆ ನೋಡಿಕೊಳ್ಳಿ. ಕುಕ್ಕರುಗಾಲು ಬೇಡ. ಒಂದು ಅಡಿ ಎತ್ತರದ ಗಟ್ಟಿ ಸ್ಟೂಲ್ ಮಾಡಿಸಿ, ಹಸುವಿನ ಪಕ್ಕಕ್ಕೆ ಸರಿದು ಕೂತು, ಬಕೆಟ್ಟನ್ನು ಮೊಣಕಾಲಲ್ಲಿ ಹಿಡಿಯದೆ ನೆಲದ ಮೇಲೋ ಮಣೆಯ ಮೇಲೋ ಇಡಿ. ಸಗಣಿಗೆ ಎದೆಮಟ್ಟದ ಹಿಡಿಯ ಸಲಿಕೆ, ತಿಪ್ಪೆಗೆ ತಳ್ಳುಗಾಡಿ. ಗೋದಲಿ ತಗ್ಗಿನಲ್ಲಿದ್ದರೆ ಮುಂದಿನ ಸಲ ಸಿಮೆಂಟ್ ಕೆಲಸ ಮಾಡಿಸುವಾಗ ಏರಿಸಿ, ಅದರಿಂದ ಹಸುವಿಗೆ ನಷ್ಟವಿಲ್ಲ. ನೆಲ ಜಾರುತ್ತಿದ್ದರೆ ರಬ್ಬರ್ ಮ್ಯಾಟ್ ಹಾಕಿ. ಜಾರಿ ಬೀಳದಿರಲು ಬೆನ್ನು ಗಕ್ಕನೆ ತಿರುಚುವ ಒಂದು ಗಳಿಗೆ, ತಿಂಗಳ ವ್ಯಾಯಾಮವನ್ನು ತೊಳೆದು ಹಾಕೀತು.

ಮತ್ತೆ ಕಾಲಿಗೆ ಎಳೆಯುವ ನೋವು ಬಂದರೆ, ಗಾಯದಲ್ಲಿ ಕೀವು ಅಥವಾ ನೀರು ಒಸರಿದರೆ, ಜ್ವರ ಬಂದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಆಪರೇಷನ್ ಮಾಡಿದವರಿಗೆ ಫೋನ್ ಮಾಡಿ.

ಎಲ್ಲಕ್ಕಿಂತ ಕೊನೆಗೆ ಮರಳಬೇಕಾದದ್ದು ಹಗ್ಗಕ್ಕೆ. ಬೆದೆಗೆ ಬಂದ ಪಡ್ಡೆಯನ್ನು ಹಿಡಿಯುವುದು, ಚುಚ್ಚುಮದ್ದಿಗೆ ಹಸುವಿನ ಮೂಗು ಹಿಡಿಯುವುದು, ಕರು ಎಳೆಯುವುದು. ಇವುಗಳಲ್ಲಿ ಭಾರ ಎಷ್ಟು, ಯಾವ ಕಡೆಗೆ ಎಂಬುದು ನಿಮ್ಮ ಹಿಡಿತದಲ್ಲಿ ಇರುವುದಿಲ್ಲ, ಹಸುವಿನ ಹಿಡಿತದಲ್ಲಿರುತ್ತದೆ. ನಮಗೆ ಫೋನ್ ಮಾಡುವಾಗಲೇ "ಸಾರ್, ನನಗೆ ಡಿಸ್ಕ್ ಆಪರೇಷನ್ ಆಗಿದೆ" ಎಂದು ಒಂದು ಮಾತು ಹೇಳಿ. ನಾವು ಬರುವ ಹೊತ್ತಿಗೆ ಪಕ್ಕದ ಮನೆಯಿಂದ ಒಬ್ಬರನ್ನು ಕರೆಸಿಟ್ಟುಕೊಳ್ಳಿ, ಇಲ್ಲವೇ ಬೇರೆಯವರ ಕೈಯಲ್ಲಿ ಹಸುವನ್ನು ಸಂಘದ ಬಳಿಯ ಟ್ರೆವಿಸ್‌ಗೆ ಕಳಿಸಿಕೊಡಿ.